ಐದನೆಯ ಕಂಬಳಿ ತುಂಡು

ಈರಣ್ಣ ಮೇಷ್ಟ್ರು ಕಂಬಳಿ ಹೊದ್ದೇ ಕಾಲೇಜಿಗೆ ಬರುತ್ತಿದ್ದರು, ಅದೂ ಚಿತ್ರದುರ್ಗದ ಏಪ್ರಿಲ್ ಬಿಸಿಲಿನಲ್ಲಿ. ಹರಿಯಬ್ಬೆಯ ಕುರಿ ಕಾಯುವ ಮನೆಯವರು. ಎಪ್ಪತ್ತರ ದಶಕದಲ್ಲಿ ನಮಗೆ ಗಣಿತ ಕಲಿಸಿದರು. "ಕಂಬಳಿ ಹೊರಗಿಟ್ಟು ಬನ್ನಿ" ಎಂದ ಪ್ರಿನ್ಸಿಪಾಲರಿಗೆ, "ಅದು ಹೊರಗೋದ್ರೆ ಪಾಠನೂ ಅದ್ರ ಹಿಂದೇನೇ ಹೋಗ್ತೈತೆ ಸಾರ್" ಎಂದವರು, ಮರುದಿನ ಬೇವಿನ ಮರಕ್ಕೆ ಕರಿಹಲಗೆ ಒರಗಿಸಿ ಪಾಠ ಮಾಡಿಯೇಬಿಟ್ಟರು. ಮೂರನೇ ದಿನ ಪ್ರಿನ್ಸಿಪಾಲರೇ ಒಳಗೆ ಕರೆದರು.

ಶನಿವಾರ ಪಠ್ಯದಲ್ಲಿಲ್ಲದ ಪಾಠ. ಒಂದಕ್ಕೊಂದು ಅಂಟಿದ ಎರಡು ಕೋಡುಬಳೆ ತೋರಿಸಿ, "ಇದರ ಮೈಮೇಲೆ ನೂಲು ಸುತ್ತಿ, ಹೊರಟಲ್ಲಿಗೇ ತಂದು ಗಂಟಾಕ್ರಿ. ಅದನ್ನ ಜಾರಿಸಿ ಜಾರಿಸಿ ಚುಕ್ಕಿ ಮಾಡಾಕಾಗ್ತೈತಾ?" ಎನ್ನುವರು. ಆ ಮೈಯನ್ನು ಸೀಳಿ ಹರಡಿದರೆ ಎಂಟು ಅಂಚಿನ ಬಟ್ಟೆಯಂತಾಗುತ್ತದೆ. ಹಾಗಾಗಿ ಹಳೆ ಕಂಬಳಿ ಕತ್ತರಿಸಿ ಎಂಟಂಚಿನ ತುಂಡು ಮಾಡಿ, ಅಂಚುಗಳಿಗೆ ಬಣ್ಣ ಬಳಿದಿದ್ದರು. ಹಲವು ತುಂಡುಗಳನ್ನು ಬಣ್ಣಕ್ಕೆ ಬಣ್ಣ ಸೇರಿಸಿ ಹೊಲಿದು, ಕೋಡುಬಳೆಯ ಮೇಲೆ ಹೋದಂತೆಯೇ, ಅದೇ ಬಣ್ಣಗಳನ್ನು ಅದೇ ಕ್ರಮದಲ್ಲಿ ದಾಟಿಸುತ್ತ ನೂಲನ್ನು ನಡೆಸಬೇಕು. ಮೊದಲ ತುಂಡಿನಿಂದ ಹೊರಟದ್ದು ಬೇರೆ ತುಂಡಿನಲ್ಲಿ ನಿಂತರೆ, ಆ ನೂಲು ಎಂದೂ ಚುಕ್ಕಿಯಾಗದು. ಪುಸ್ತಕದಲ್ಲಿ ಇದಕ್ಕೆ ಸರ್ಫೇಸ್ ಗ್ರೂಪು, ಅದರ ಫೈನೈಟ್ ಕೋಶೆಂಟು ಎಂದೆಲ್ಲ ಹೆಸರು. ಮೇಷ್ಟ್ರದು ಒಂದೇ ಮಾತು: "ಚುಕ್ಕಿಯಾಗದ ನೂಲು ಎಂಥದ್ದೇ ಇರ್ಲಿ, ಅದನ್ನ ಹಿಡಿದುಕೊಡಾಕೆ ಎಣಿಸಿ ಮುಗಿಯೋವಷ್ಟು ತುಂಡು ಸಾಕು."

ತಪಾಸಣೆಗೆ ಬಂದ ಪ್ರೊಫೆಸರೊಬ್ಬರು ನಕ್ಕರು. ಹಲಗೆಯ ಮೇಲೆ ಸುತ್ತಿ ಬಳಸಿ ಹೋಗುವ ಒಂದು ನೂಲಿನ ದಾರಿ ಬರೆದು, "ಥಿಯರಂ ಸರಿ. ಇದಕ್ಕೆ ಎಷ್ಟು ತುಂಡು? ನಾನು ಮತ್ತೆ ಬರುವಷ್ಟರಲ್ಲಿ ತೋರಿಸಿ. ಇಲ್ಲದಿದ್ದರೆ ಈ ಹೊಲಿಗೆ ಕ್ಲಾಸು ನಿಲ್ಲಿಸಿ" ಎಂದು ಹೋದರು.

ಎರಡು, ಮೂರು, ನಾಲ್ಕು ತುಂಡು. ಮೇಷ್ಟ್ರು ಹೇಗೆ ಹೊಲಿದರೂ ಹಾಳು ನೂಲು ಹೊರಟಲ್ಲಿಗೇ ಬಂದು ಕೂರುತ್ತಿತ್ತು. ಅಷ್ಟರಲ್ಲಿ, ಶನಿವಾರದ ಕ್ಲಾಸು ಬಿಡುತ್ತೇನೆಂದು ಬರೆದುಕೊಡಿ ಎಂದು ಇಲಾಖೆಯ ಮೇಲಿನವರು ಕೇಳಿದರು. "ಬರ್ಕೊಡಲ್ಲ" ಎಂದರು ಮೇಷ್ಟ್ರು. ವಾರದಲ್ಲಿ ಹೊಸದುರ್ಗಕ್ಕೆ ವರ್ಗ.

ನಾನು ಹೊಳಲ್ಕೆರೆಯಿಂದ ಓಡಾಡುತ್ತಿದ್ದೆ, ಆ ಕ್ಲಾಸಿನಲ್ಲಿದ್ದ ಒಬ್ಬಳೇ ಹುಡುಗಿ. ಹೊರಡುವ ದಿನ ಮೇಷ್ಟ್ರು ಬಸ್ ಸ್ಟ್ಯಾಂಡಿನಲ್ಲಿ ತುಂಡುಗಳ ಚೀಲವನ್ನು ನನ್ನ ಕೈಗಿತ್ತರು. ನನಗೆ ಸಿಟ್ಟಿಗೇ ಅಳು ಬಂತು.

"ಅಳಬ್ಯಾಡ. ನಾಲ್ಕರಾಗ ಸಿಗಲಿಲ್ಲ ಅಂದ್ರೆ ನಾಲ್ಕರಾಗ ಸಿಗಲಿಲ್ಲ, ಅಷ್ಟೇ ಕಣವ್ವ. ಎಲ್ಲೂ ಸಿಗಲ್ಲ ಅಂತ ಯಾವನೂ ಹೇಳಂಗಿಲ್ಲ. ಐದು ಹೊಲಿ."

ಬಸ್ಸು ಹೊರಟಿತು. ಆಮೇಲೆ ಅವರನ್ನು ನಾನು ನೋಡಲೇ ಇಲ್ಲ.

ಐದನೆಯ ತುಂಡಿಗೆ ಅಪ್ಪನ ಕಂಬಳಿ ಕತ್ತರಿಸಿ ಬೈಸಿಕೊಂಡೆ. ಹೊಲಿದೆ, ಬಿಚ್ಚಿದೆ, ಮತ್ತೆ ಹೊಲಿದೆ; ಬೆರಳ ತುದಿಯೆಲ್ಲ ತೂತು. ಎರಡು ತಿಂಗಳಾದ ಮೇಲೆ ಒಂದು ಭಾನುವಾರ, ಮೊದಲ ತುಂಡಿನಿಂದ ಹೊರಟ ನೂಲು ಐದನೆಯದರ ಮೇಲೆ ಹೋಗಿ ನಿಂತಿತು. ನಾಲ್ಕು ಸಲ ನಡೆಸಿ ನೋಡಿದೆ. ಅಲ್ಲೇ ನಿಂತಿತು.

ಪ್ರೊಫೆಸರು ಮತ್ತೆ ಬಂದ ದಿನ ಯಾರನ್ನೂ ಕೇಳದೆಯೇ ಎದ್ದು ಹೋಗಿ ಅವರ ಮೇಜಿನ ಮೇಲೆ ಆ ಹೊಲಿಗೆಯನ್ನು ಹರಡಿದೆ. ಅವರು ನೂಲಿನ ಜೊತೆ ಬೆರಳು ನಡೆಸಿದರು, ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ನಡೆಸಿದರು.

"ಯಾರು ಹೊಲಿದದ್ದು?"

"ನಾಲ್ಕು ನಮ್ಮ ಈರಣ್ಣ ಮೇಷ್ಟ್ರು. ಐದನೇದು ನಾನು."

ಪಕ್ಕದಲ್ಲಿದ್ದ ಪ್ರಿನ್ಸಿಪಾಲರು ಕೆಮ್ಮಿ, "ಆಯಿತಮ್ಮ, ಕೂತ್ಕೋ" ಎಂದರು.

ನಾನು ಕೂರಲಿಲ್ಲ. "ಶನಿವಾರ ಕ್ಲಾಸು ಐತೆ ಸಾರ್," ಎಂದೆ. "ಮೇಷ್ಟ್ರು ಬರೋ ತನಕ ನಾನೇ ತಗಳ್ತೀನಿ."