ಗಿಣ್ಣಿನ ಹಾಲಿನಲ್ಲಿ ಇದ್ದಿಲು

ಕ್ಯಾಲನೂರಿನ ಮೊದಲ ಊಟದಲ್ಲೇ ನಗೆಪಾಟಲಾದೆ. ತಟ್ಟೆಯ ನಡುವೆ ಗುಂಡಗೆ ರಾಗಿಮುದ್ದೆ ಕೂತಿತ್ತು. ಜೋಳದ ರೊಟ್ಟಿ ತಿಂದು ಬೆಳೆದ ಧಾರವಾಡದ ಹಲ್ಲು ಸುಮ್ಮನಿರುತ್ತದೆಯೇ? ಚೆನ್ನಾಗಿ ಅಗಿದೆ. ಪಕ್ಕದ ಮನೆಯ ಮುನಿವೆಂಕಟಮ್ಮ ಸೆರಗನ್ನು ಬಾಯಿಗೊತ್ತಿ ನಕ್ಕು, ಮುದ್ದೆ ಮುರಿದು ಸಾರಿನಲ್ಲಿ ಹೊರಳಿಸಿ ಹಾಗೇ ನುಂಗುವುದನ್ನು ತೋರಿಸಿಕೊಟ್ಟಳು.

ಯಜಮಾನರಿಗೆ ಇಲ್ಲಿಯ ಶಾಲೆಯಲ್ಲಿ ಕೆಲಸವಾಗಿ, ಮುಂಬಯಿ ಸರ್ಕಾರದ ಸೀಮೆ ಬಿಟ್ಟು ಮೈಸೂರು ಮಹಾರಾಜರ ಸೀಮೆಗೆ ಬಂದವರು ನಾವು. ಅವರು ಶಾಲೆಗೆ ಹೋದರೆ ಸಂಜೆಯವರೆಗೆ ನಾನೂ ನಾಲ್ಕು ಗೋಡೆಗಳೂ. ಇಲ್ಲಿಯವರು ಕನ್ನಡದಲ್ಲಿ ಶುರುಮಾಡಿದ ಮಾತನ್ನು ತೆಲುಗಿನಲ್ಲಿ ಮುಗಿಸುತ್ತಾರೆ. ಅರ್ಧ ಕೇಳಿ ಅರ್ಧ ಊಹಿಸಬೇಕು. ಇಂಥದರಲ್ಲಿ ನನಗೆ ಜೊತೆಯಾದವಳು ಮುನಿವೆಂಕಟಮ್ಮ ಒಬ್ಬಳೇ. ನಾನು ಅವಳನ್ನು ಅಕ್ಕ ಎನ್ನುತ್ತಿದ್ದೆ. ಅವಳಿಗೆ ನಾನು ಮೇಷ್ಟ್ರಮ್ಮ.

ಎಲುಬಿಲ್ಲದ ನಾಲಿಗೆ ನನ್ನದು. ಒಂದು ದಿನ ಧಾರವಾಡದ ಪೇಡೆಯನ್ನು ಹೊಗಳುವ ಭರದಲ್ಲಿ, ನಿಮ್ಮ ಹಾಲು ತೆಳುವು, ಇದರಲ್ಲಿ ಪೇಡೆಯಾಗದು ಎಂದುಬಿಟ್ಟೆ. ಅಕ್ಕ ಎದ್ದು ಕೊಟ್ಟಿಗೆಗೆ ಹೋದಳು. ಅದೇ ವಾರ ಅವಳ ಹಸು ಕರು ಹಾಕಿತು. ಚೊಂಬಿನ ತುಂಬ ಗಿಣ್ಣಿನ ಹಾಲನ್ನು ಕಿರಿಮಗಳ ಕೈಲಿ ಕಳಿಸಿದಳು. ಇಲ್ಲಿ ಅದನ್ನು ಜುನ್ನು ಎಂದೂ ಕರೆಯುತ್ತಾರೆ. ಮುಚ್ಚಳ ತೆಗೆದರೆ ಹಳದಿ ಹಾಲಿನ ಮೇಲೆ ಒಂದು ಇದ್ದಿಲು ತೇಲುತ್ತಿತ್ತು.

ನನ್ನ ಮಾತಿಗೆ ಇದೇ ಜವಾಬು ಎಂದುಕೊಂಡೆ. ಧಾರವಾಡದ ನಮ್ಮ ಮನೆಗೆ ಗೌಳಿ ಹಾಲು ತಂದು ಹಾಕುತ್ತಿದ್ದ. ದನ ಕಟ್ಟಿದವರ ಪದ್ಧತಿ ನನಗೇನು ಗೊತ್ತು? ಕೇಳಬಹುದಿತ್ತು, ಕೇಳಲಿಲ್ಲ. ತುಂಬಿದ ಚೊಂಬನ್ನು ಅವಳ ಜಗಲಿಯ ಮೇಲಿಟ್ಟು ಬಂದೆ. ಅಂದಿನಿಂದ ಅಕ್ಕ ನಮ್ಮ ಹೊಸ್ತಿಲು ತುಳಿಯಲಿಲ್ಲ. ನಾನೂ ಬಿಗುಮಾನ ಬಿಡಲಿಲ್ಲ. ಅಳು ಬರುವಷ್ಟು ಬೇಸರವಾಗುತ್ತಿತ್ತು.

ಹದಿನೈದು ದಿನದ ಮೇಲೆ ಅವಳ ದೊಡ್ಡ ಮಗಳು ಮಾಲೂರಿನ ಗಂಡನ ಮನೆಗೆ ಹೊರಟಳು. ಕಿಟಕಿಯಿಂದ ನೋಡುತ್ತಿದ್ದೆ. ಅಕ್ಕ ಬೆಣ್ಣೆಯ ಗಡಿಗೆಗೆ ಒಂದು ಇದ್ದಿಲು ಹಾಕಿ, ಬಾಯಿ ಕಟ್ಟಿ, ಮಗಳ ಕೈಗೆ ಕೊಟ್ಟಳು. ಹೆತ್ತ ಮಗಳನ್ನು ಯಾರಾದರೂ ಹಂಗಿಸುತ್ತಾರೆಯೇ? ಬಂಡಿ ಮರೆಯಾಗುವ ಮೊದಲೇ ಓಡಿದೆ.

“ಅಕ್ಕಾ, ಇದ್ದಲಿ ಯಾಕ ಹಾಕಿದಿ?”

“ದಿಷ್ಟಿ ತಗಲ್ದೇ ಇರ್ಲಿ ಅಂತ ಕಣಮ್ಮ. ನೀನು ಜುನ್ನು ವಾಪಸ್ ಮಡಗೋದ್ಯಲ್ಲ, ನಮ್ಮನೇದು ನಿಂಗೆ ಸೇರಲ್ಲ ಅಂದ್ಕೊಂಡೆ. ಕೊಟ್ಟ ಜುನ್ನು ವಾಪಸ್ ಬಂದ್ರೆ ಕರೂಗೇನಾಗ್ತದೋ ಅಂತ ಜೀವ ಹೊಡ್ಕೊಂತು. ಒಂದ್ ಮಾತ್ ಕೇಳ್ಬಾರ್ದಾಗಿತ್ತಾ?”

ನೀನೂ ಕೇಳಲಿಲ್ಲವಲ್ಲ ಎಂದೆ. ಇಬ್ಬರೂ ಅತ್ತು, ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಗುಂಡುಕಲ್ಲಿನಂತಿದ್ದ ಆ ಕರು ನಡುವೆ ನುಗ್ಗಿ ನನ್ನ ಸೆರಗನ್ನು ಚೀಪಿತು.

ಮೊನ್ನೆ ಧಾರವಾಡಕ್ಕೆ ಹೋದಾಗ ಇದನ್ನೆಲ್ಲ ಹೇಳಿ ಅವ್ವನನ್ನು ನಗಿಸಿದೆ. ಹೊರಡುವಾಗ ಅವ್ವ ಅಕ್ಕನಿಗೆಂದು ಪೇಡೆ ಕಟ್ಟಿ, ಮೇಲೊಂದು ಇದ್ದಿಲನ್ನು ಎಲೆಯಲ್ಲಿ ಸುತ್ತಿಟ್ಟಳು. ಈ ಸಲ ಸುಮ್ಮನಿರದೆ, ಯಾಕೆ ಎಂದು ಕೇಳಿದೆ.

“ನಿಮ್ಮೂರಾಗ ಹಿಂಗ ಮಾಡ್ತಾರಂತಲ್ಲ,” ಎಂದಳು ಅವ್ವ.

ರೈಲಿನುದ್ದಕ್ಕೂ ‘ನಿಮ್ಮೂರು’ ಎಂಬ ಆ ಮಾತು ಕಿವಿಯಲ್ಲೇ ಇತ್ತು. ಕ್ಯಾಲನೂರಿಗೆ ಬಂದು ಗಂಟು ಬಿಚ್ಚಿದೆ. ಅಕ್ಕ ಇದ್ದಿಲು ಕಂಡು ಹಿಗ್ಗಿ, ಪೇಡೆ ಬಾಯಿಗಿಟ್ಟು ಕಣ್ಣು ಮುಚ್ಚಿದಳು.

“ನಿಮ್ಮೂರ್ದು ಭಾಳ ಚೆನ್ನಾಗೈತೆ ಕಣಮ್ಮ.”

ನನಗೆ ನಗುವೂ ಬಂತು, ಕಣ್ಣಲ್ಲಿ ನೀರೂ ಬಂತು. ಯಾವುದು ನಮ್ಮೂರು ಎಂದು ಮಾತ್ರ ಅವಳನ್ನು ಕೇಳಲಿಲ್ಲ.