ಕಸ್ತೂರೆವ್ವ ಎದ್ದರೆ ಮಗ್ಗ ನಿಲ್ಲುತ್ತಿದ್ದವು

ಬನಹಟ್ಟಿಯ ಶಿದ್ರಾಮಪ್ಪನ ಶೆಡ್ಡಿನಲ್ಲಿ ಕಸ್ತೂರೆವ್ವ ಇಪ್ಪತ್ತಾರು ವರ್ಷ ಕಂಡಿಕೆ ಸುತ್ತಿದಳು. ಲಾಳಿಯೊಳಗೆ ಕೂರುವ ಸಣ್ಣ ಕೊಳವೆಗೆ ನೂಲು ತುಂಬುವ ಕೆಲಸವದು. ಆರು ಮಗ್ಗಗಳಿಗೆ ಸುತ್ತುವವಳು ಅವಳೊಬ್ಬಳೇ. ಬುಟ್ಟಿಯಲ್ಲಿ ನಾಲ್ಕು ಕಂಡಿಕೆ ಮಿಕ್ಕಿದ್ದನ್ನು ಆ ಶೆಡ್ಡಿನಲ್ಲಿ ಯಾರೂ ಕಂಡಿರಲಿಲ್ಲ. ಅವಳು ಎದ್ದು ಹೋದರೆ ಲಾಳಿಗಳು ಬರಿದಾಗಿ ಮಗ್ಗಗಳು ಒಂದೊಂದಾಗಿ ನಿಲ್ಲುತ್ತಿದ್ದವು. ಶೆಡ್ಡಿನ ಹಿಂದೆ ಕಕ್ಕಸಿತ್ತು, ಬಾಗಿಲಿಗೆ ಅಗುಳಿಯೂ ಇತ್ತು. ಆದರೆ ಅಲ್ಲಿಗೆ ಹೋಗಬೇಕಾದರೆ ಏಳಬೇಕಿತ್ತು.

ಅವಳು ಕೆಲಸಕ್ಕೆ ಸೇರಿದಾಗ ಹತ್ತೊಂಬತ್ತರ ಹೊಸ ಸೊಸೆ. ಮೊದಲ ತಿಂಗಳೇ ಒಂದು ಮಧ್ಯಾಹ್ನ ಎರಡು ಸಲ ಎದ್ದಳು. ಎರಡನೆಯ ಸಲ ಮರಳುವಷ್ಟರಲ್ಲಿ ಶೆಡ್ಡು ನಿಶ್ಶಬ್ದವಾಗಿತ್ತು. ಆರು ಗಂಡಸರು ಮಗ್ಗಕ್ಕೆ ಒರಗಿ ಅವಳ ದಾರಿ ನೋಡುತ್ತಿದ್ದರು.

"ಬಂದಳ್ರಪಾ!" ಎಂದ ನೇಕಾರ ಈರಪ್ಪ. "ಎಷ್ಟ ರೊಟ್ಟಿ ತಿಂದು ಬಂದೀ ತಂಗಿ? ಮಗ್ಗಕ್ಕೊಂದರಂಗ ಆರು ತಿಂದಂಗ ಕಾಣತೈತಿ!"

ಆರೂ ಜನ ನಕ್ಕರು. ಈರಪ್ಪ ಕೆಟ್ಟವನಲ್ಲ, ಸಂಜೆಯೊಳಗೆ ತಾನು ಆಡಿದ್ದನ್ನು ಮರೆತಿದ್ದ. ಕಸ್ತೂರೆವ್ವ ಮರೆಯಲಿಲ್ಲ.

ಮರುದಿನದಿಂದ ಅವಳು ರೊಟ್ಟಿ ಬಿಟ್ಟಳು. ಪುಂಡಿ ಪಲ್ಯ ಬಿಟ್ಟಳು, ಕಾಳು ಬಿಟ್ಟಳು. ಬೆಳಿಗ್ಗೆ ಬಿಳಿ ಅನ್ನಕ್ಕೆ ತಿಳಿಸಾರು, ಶೆಡ್ಡಿನಲ್ಲಿ ಚಹಾ, ಖಾರಿ ಬಿಸ್ಕತ್ತು. ತಿಂಗಳು ಕಳೆಯುವುದರೊಳಗೆ ಹೊಟ್ಟೆ ಸುಮ್ಮನಾಯಿತು. "ನನ್ನ ಹೊಟ್ಟಿ ನನ್ನ ಮಾತ ಕೇಳತೈತಿ" ಎಂದು ಓಣಿಯ ಹೆಂಗಸರ ಮುಂದೆ ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದಳು. ವರ್ಷಕ್ಕೊಂದೆರಡು ಸಲ ಯಾರದೋ ಮದುವೆಯಲ್ಲಿ ಸಜ್ಜೆ ರೊಟ್ಟಿ, ಮಡಿಕೆ ಕಾಳು ತಿಂದರೆ ಹೊಟ್ಟೆ ಉಬ್ಬಿ, ಮರುದಿನ ಭೇದಿಯಾಗುತ್ತಿತ್ತು. ಆಗ ಔಷಧದ ಅಂಗಡಿಗೆ ಹೋಗಿ "ಕಟ್ಟೂ ಗುಳಿಗಿ ಕೊಡ್ರಿ" ಎನ್ನುತ್ತಿದ್ದಳು. ಅಂಗಡಿಯವನು ಭೇದಿ ನಿಲ್ಲಿಸುವ ಗುಳಿಗೆಯ ಜೊತೆ ಕ್ರಿಮಿ ಕೊಲ್ಲುವ ಗುಳಿಗೆಯನ್ನೂ ಪೊಟ್ಟಣ ಕಟ್ಟಿ ಕೊಡುತ್ತಿದ್ದ. ಯಾವುದು ಏತಕ್ಕೆಂದು ಅವಳು ಕೇಳಲಿಲ್ಲ. ರೊಟ್ಟಿ ತನಗೆ ಆಗಿಬರುವುದಿಲ್ಲ ಎಂಬುದಷ್ಟೇ ಪ್ರತಿ ಸಲವೂ ಅವಳಿಗೆ ಖಚಿತವಾಗುತ್ತಿತ್ತು.

ನಲವತ್ತನಾಲ್ಕರಲ್ಲಿ ಮಲದಲ್ಲಿ ರಕ್ತ ಕಾಣಿಸಿಕೊಂಡಿತು. ಮೂಲವ್ಯಾಧಿಯೆಂದುಕೊಂಡು ಒಂದು ವರ್ಷ ಗಂಡ ಈಶ್ವರನಿಗೂ ಹೇಳಲಿಲ್ಲ. ಕುಪ್ಪಸ ಸಡಿಲವಾಗಿ, ನೂಲು ಹಿಡಿಯಲಾರದಾದಾಗ ಮಗಳು ಸೌಂದರ್ಯಾಳನ್ನು ತನ್ನ ಜಾಗದಲ್ಲಿ ಕೂರಿಸಿ ಬಂದಳು. ಹತ್ತೊಂಬತ್ತು ವರ್ಷದ ಹುಡುಗಿಗೆ ನೂಲಿನ ಎಳೆ ಹಿಡಿಯುವುದನ್ನು ಕಲಿಸುವ ಮೊದಲೇ ಊಟ ಕಲಿಸಿದಳು: "ಹಗಲ ಹೊತ್ತು ರೊಟ್ಟಿ ಮುಟ್ಟಬ್ಯಾಡವಾ. ಅನ್ನ ಉಣ್ಣು. ನೀರ ಕಡಿಮಿ ಕುಡಿ."

ಜಮಖಂಡಿಯ ಆಸ್ಪತ್ರೆಯಲ್ಲಿ ದೊಡ್ಡ ಕರುಳಿನ ಕ್ಯಾನ್ಸರ್ ಗಂಟನ್ನು ಕೊಯ್ದು ತೆಗೆದು, ಮಲ ಹೊರಬರಲು ಹೊಟ್ಟೆಯ ಎಡಬದಿಗೆ ಚೀಲ ಇಟ್ಟರು. ವೈದ್ಯೆ ವಯಸ್ಸಿನಲ್ಲಿ ಚಿಕ್ಕವರು, ಈ ಸೀಮೆಯವರೇ. ಕಸ್ತೂರೆವ್ವನ ಊಟದ ಕಥೆಯನ್ನು ಕೊನೆಯವರೆಗೂ ಕೇಳಿ ಪೆನ್ನು ಕೆಳಗಿಟ್ಟರು.

"ಕರುಳಾಗ ಕೋಟಿಗಟ್ಟಲೆ ಸಣ್ಣ ಜೀವ ಇರತಾವವಾ. ಜ್ವಾಳದ ತೌಡು, ತಪ್ಪಲ ಪಲ್ಯದ ನಾರು ನಮಗ ಅರಗೂದಿಲ್ಲ, ಅವಕ್ಕ ಅದ ಊಟ. ಅದನ್ನ ಉಂಡು ಅವು ಏನ ಮಾಡಿ ಕೊಡತಾವು, ಅದರ ಮ್ಯಾಲ ಕರುಳಿನ ಗ್ವಾಡಿ ಬದಕತೈತಿ. ಊಟ ಸಿಗಲಿಲ್ಲಂದ್ರ ಎಷ್ಟೋ ಸಾಯತಾವ. ಉಳದವು ಗ್ವಾಡಿ ಕಾಯೂ ಲೋಳಿನ ತಿನ್ನಾಕ ಹತ್ತತಾವ. ಅದರ ಮ್ಯಾಲ ನೀವು ಅವನ್ನ ಕೊಲ್ಲೂ ಗುಳಿಗಿನೂ ನುಂಗೀರಿ."

ಕಸ್ತೂರೆವ್ವ ಕೇಳಿದಳು: "ಅಂದ್ರ ಇಷ್ಟ ವರ್ಷ ಖಾಲಿ ಲಾಳಿ ಓಡಿಸಿದೆನೇನ್ರಿ?"

"ಈ ಗಂಟಿಗೆ ಅದೊಂದ ಕಾರಣ ಅಂತ ನಾ ಹೇಳೂದಿಲ್ಲ. ಯಾರೂ ಹೇಳಾಕ ಬರೂದಿಲ್ಲ."

"ಈಗ ತಿಂತೇನ್ರಿ ಮತ್ತ, ರೊಟ್ಟಿ."

"ನಿಮಗ ಈಗ ಬ್ಯಾಡ್ರಿ. ಕರುಳ ತಡಿಯೂದಿಲ್ಲ." ವೈದ್ಯೆ ಚೀಟಿ ಬರೆಯುತ್ತ ಕೇಳಿದರು: "ಮನ್ಯಾಗ ಮತ್ಯಾರರ ಹಿಂಗ ಉಣತಾರೇನು?"

ಕಸ್ತೂರೆವ್ವ ಚೀಟಿ ಇಸಿದುಕೊಂಡು ಎದ್ದಳು.

ಮನೆಗೆ ಬಂದ ಮರುದಿನ ನಸುಕಿನಲ್ಲಿ ಹೊಟ್ಟೆ ಹಿಡಿದುಕೊಂಡು ಒಲೆಯ ಮುಂದೆ ಕುಳಿತು ಎರಡು ರೊಟ್ಟಿ ಬಡಿದಳು. ಪುಂಡಿ ಪಲ್ಯದೊಡನೆ ಮಗಳಿಗೆ ಡಬ್ಬಿ ಕಟ್ಟಿದಳು. ಸಂಜೆ ಡಬ್ಬಿ ಹೋದಂತೆಯೇ ಬಂತು. ಮೂರು ದಿನವೂ ಹಾಗೆಯೇ.

"ತಿನ್ನಾಕ ಏನ ಧಾಡಿ?"

"ತಿಂದು? ತಿಂದಮ್ಯಾಲ?" ಸೌಂದರ್ಯಾ ಸಿಡುಕಿದಳು. "ನಾ ಎದ್ದರ ಮಗ್ಗ ನಿಲ್ಲತಾವು. ನಿಂತರ ಎಲ್ಲಾರಿಗೂ ಗೊತ್ತಾಗತೈತಿ. ನೀನ ಕಲಿಸೀ ಬೇ, ಈಗ ನೀನ ಬೈತೀ?"

ನಾಲ್ಕನೆಯ ದಿನ ಮಧ್ಯಾಹ್ನ ಕಸ್ತೂರೆವ್ವ ಸೆರಗಿನಡಿ ಚೀಲ ಮರೆಮಾಡಿಕೊಂಡು, ಗೋಡೆ ಹಿಡಿಯುತ್ತ ಶೆಡ್ಡಿಗೆ ಬಂದಳು. ಮಗಳನ್ನು ಭುಜ ಹಿಡಿದು ಎಬ್ಬಿಸಿ, ತಾನು ಮಣೆಯ ಮೇಲೆ ಕುಳಿತು ನೂಲಿನ ಎಳೆ ಹಿಡಿದಳು.

"ಹೋಗಿ ಬಾ. ಮಗ್ಗ ನಿಲ್ಲೂದಿಲ್ಲ."

"ಕಸ್ತೂರೀ, ಸತ್ತಗಿತ್ತೀ," ಎಂದ ಈರಪ್ಪ. ಈಗ ಅವನ ಕೂದಲು ಪೂರಾ ಬೆಳ್ಳಗಾಗಿತ್ತು. "ಮನ್ಯಾಗ ಮಲಗಬಾರದಾ?"

"ನೀ ನೇಯಪಾ. ಆರು ರೊಟ್ಟಿ ತಿಂದಾಕಿ ಅದೇನಿ."

ಈರಪ್ಪನಿಗೆ ಆ ಮಾತಿನ ಬುಡ ತಿಳಿಯಲಿಲ್ಲ. ಮಗ್ಗಗಳ ಸದ್ದು ಮುರಿಯಲಿಲ್ಲ. ಸೌಂದರ್ಯಾ ಎದ್ದು ಹೋದಳು, ಮರಳಿ ಬಂದಳು, ಯಾರೂ ತಲೆ ಎತ್ತಲಿಲ್ಲ. ಅಂದು ಡಬ್ಬಿಯಲ್ಲಿ ಅರ್ಧ ರೊಟ್ಟಿ ಉಳಿದಿತ್ತು. ವಾರ ಕಳೆಯುವಷ್ಟರಲ್ಲಿ ಡಬ್ಬಿ ಖಾಲಿ ಬರತೊಡಗಿತು. ಇನ್ನೊಬ್ಬ ಹೆಂಗಸನ್ನು ಕಂಡಿಕೆಗೆ ಇಟ್ಟುಕೊಳ್ಳಿರೆಂದು ಕಸ್ತೂರೆವ್ವ ಶಿದ್ರಾಮಪ್ಪನನ್ನೂ ಕೇಳಿದಳು. "ಇಪ್ಪತ್ತಾರ ವರ್ಷ ನೀ ಒಬ್ಬಾಕೀನ ಸುತ್ತೀಯಲ್ಲ, ಯಾವತ್ತರ ತ್ರಾಸ ಅಂದಿಯೇನು?" ಎಂದ ಅವನು, ನಿಜವಾದ ಅಚ್ಚರಿಯಿಂದ. ಅವಳು ಮರಳಿ ಬಂದು ಮಣೆಯ ಮೇಲೆ ಕುಳಿತಳು.

ಶ್ರಾವಣದಿಂದ ದೀಪಾವಳಿಯವರೆಗೆ ಅವಳು ಶೆಡ್ಡಿಗೆ ಹೋಗುವುದನ್ನು ಒಂದು ಮಧ್ಯಾಹ್ನವೂ ತಪ್ಪಿಸಲಿಲ್ಲ. ಆ ಹೊತ್ತಿಗೆ ರೋಗ ಲಿವರಿಗೆ ಹಬ್ಬಿತ್ತು. ಪಾಡ್ಯ ಕಳೆದ ನಾಲ್ಕನೆಯ ದಿನ ನಸುಕಿನಲ್ಲಿ ಒಲೆಯವರೆಗೆ ಹೋದಳು, ರೊಟ್ಟಿ ಬಡಿದಳು, ಆಮೇಲೆ ಕುಳಿತಲ್ಲಿಂದ ಏಳಲಾಗಲಿಲ್ಲ. ಈಶ್ವರ ಎತ್ತಿ ತಂದು ಹಾಸಿಗೆಗೆ ಹಾಕಿದ.

ಸಂಜೆ ಸೌಂದರ್ಯಾ ಡಬ್ಬಿಯನ್ನು ತಲೆದಿಂಬಿನ ಪಕ್ಕ ಇಟ್ಟಳು. ಕಸ್ತೂರೆವ್ವ ಕೈಚಾಚಿ ಮುಚ್ಚಳ ತೆಗೆದಳು. ಒಂದು ರೊಟ್ಟಿ ಹಾಗೇ ಇತ್ತು.

"ಒಂದ ತಿಂದೆ ಬೇ," ಎಂದಳು ಮಗಳು ಮೆಲ್ಲಗೆ.

"ಮಧ್ಯಾಹ್ನ ಎದ್ದಿದ್ದಿಯೇನು?"

ಸೌಂದರ್ಯಾ ಅವ್ವನ ಕಾಲಿನ ಮೇಲೆ ಚಾದರ ಎಳೆದಳು.

"ಇಲ್ಲ."

ಕಸ್ತೂರೆವ್ವ ಮುಚ್ಚಳ ಹಾಕಲು ನೋಡಿದಳು. ಅದು ಕೂಡಲಿಲ್ಲ. ಮಗಳೇ ಒತ್ತಿ ಹಾಕಿದಳು.