ತಗಡಿನೊಳಗಿನ ಮರ

ಸ್ಪೋಕ್ ಕಡ್ಡಿ ಬಿಗಿದು ಚಕ್ರದ ಓಲಾಟ ತೆಗೆಯುವುದರಲ್ಲೇ ಇಪ್ಪತ್ತೆರಡು ವರ್ಷ ಕಳೆದವಳಾದ್ದರಿಂದ ಬೀದಿಯವರು ಅವಳನ್ನು ಕಡ್ಡಿಯಕ್ಕ ಎನ್ನುತ್ತಿದ್ದರು. ಸೈಕಲ್ ರಿಪೇರಿ ಅಂಗಡಿ ತಮ್ಮನದು. ಗಿರಾಕಿಗಳ ಜೊತೆ ಮಾತೂ ಅವನದೇ. ಹಿಂದಿನ ಕೋಣೆಯ ಸ್ಟೂಲು, ಗ್ರೀಸು, ಕೈನೋವು ಇವಳದು.

ಹಳೆಯ ಸೈಕಲ್ಲುಗಳನ್ನು ಕೂಡಿಡುವ ಮೇಷ್ಟ್ರೊಬ್ಬರು ಒಂದು ದಿನ ತುಕ್ಕು ಹಿಡಿದ ರಿಮ್ ತಂದರು.

"ಇದು ಯಾವ ಜಾತಿದು ಅಂತ ಯಾರಿಗೂ ಹೇಳೋಕಾಗ್ತಿಲ್ಲಮ್ಮಾ. ನೀವು ಹೇಳಿದ್ರೆ ನನ್ನ ಶೆಡ್ಡಿನ ಕೆಲಸ ನಿಮ್ಗೇ. ಅರವತ್ತು ಸೈಕಲ್ ಇವೆ, ಒಂದೊಂದು ಭಾಗಾನೂ ಗುರುತಿಸಿ ಚೀಟಿ ಅಂಟಿಸ್ಬೇಕು."

'ನಿಮ್ಗೇ' ಎಂದು ಅವಳ ಮುಖ ನೋಡಿಯೇ ಹೇಳಿದ್ದರು. ಅಷ್ಟಕ್ಕೇ ಅವಳ ಕಿವಿ ಬಿಸಿಯಾಯಿತು.

ನಾಳೆ ಬರುವುದಾಗಿ ಹೇಳಿ ಅವರು ರಿಮ್ ಬಿಟ್ಟು ಹೋದರು. ಅವಳು ಆತುರಪಡಲಿಲ್ಲ. ಅಯಸ್ಕಾಂತ ಹಿಡಿದಳು; ಅಂಟಿತು, ಅಂದರೆ ಉಕ್ಕು. ಎತ್ತಿ ನೋಡಿದಳು, ಉಕ್ಕಿನಷ್ಟು ಭಾರವಿಲ್ಲ. ಬೆರಳಿನಿಂದ ಬಡಿದಳು; ಠಣ್ ಎನ್ನಬೇಕಾದದ್ದು ಟೊಕ್ ಎಂದಿತು. ಕೊನೆಗೆ ಕಡ್ಡಿ ತೂರುವ ತೂತಿನೊಳಗೆ ಸೂಜಿ ಆಡಿಸಿದಾಗ ತುದಿಗೆ ಕಂದು ಪುಡಿ ಅಂಟಿ ಬಂತು. ತುಕ್ಕಲ್ಲ, ಮರದ ಹೊಟ್ಟು. ಮರದ ಬಳೆಗೆ ತೆಳು ಉಕ್ಕಿನ ತಗಡು ಹೊದಿಸಿದ ರಿಮ್ಮದು!

"ಮರಾನಾ?" ತಮ್ಮ ನಕ್ಕ. "ಮಂಚದ ಕಾಲು ಅಂದ್ಕೊಂಡ್ಯಾ? ತಲೆಗಿಲೆ ಕೆಟ್ಟಿದ್ಯಾ ನಿಂಗೆ?"

"ಒದ್ದೆ ಮಾತ್ರ ಮಾಡ್ಬೇಡ ಕಣೋ. ನಾಳೆ ಮೇಷ್ಟ್ರು ಬರ್ಲಿ, ನಾನೇ ಹೇಳ್ತೀನಿ."

ಆದರೆ ಆ ಅಂಗಡಿಗೆ ತುಕ್ಕು ಹಿಡಿದದ್ದು ಏನೇ ಬರಲಿ, ತುಕ್ಕು ಬಿಡಿಸುವ ಸೋಡಾ ನೀರಿನ ಡ್ರಮ್ಮಿಗೆ ಹೋಗಲೇಬೇಕು. ಅಪ್ಪನ ಕಾಲದಿಂದ ಬಂದ ಪದ್ಧತಿ. ಅವಳು ಮನೆಗೆ ಹೋದ ಮೇಲೆ ತಮ್ಮ ಅದನ್ನೂ ಮುಳುಗಿಸಿ ಬಾಗಿಲು ಹಾಕಿದ.

ಬೆಳಿಗ್ಗೆ ನೋಡಿದರೆ ಮರ ಉಬ್ಬಿ, ತಗಡು ಉದ್ದಕ್ಕೂ ಬಾಯಿ ಬಿಟ್ಟಿತ್ತು. ಅವಳು ಹೇಳಿದ್ದು ನಿಜವೆಂದು ಈಗ ಕುರುಡರಿಗೂ ಕಾಣುವಂತಿತ್ತು.

ಮೇಷ್ಟ್ರು ಬಂದು ಬಾಯಿ ಬಿಟ್ಟ ತಗಡಿನೊಳಗೆ ಬೆರಳಾಡಿಸಿದರು. "ಒಳಗೆ ಮರ ಅಂತ ಗೊತ್ತಿತ್ತೇನಮ್ಮಾ?"

"ಗೊತ್ತಿತ್ತು ಸರ್."

"ಗೊತ್ತಿದ್ದೂ ನೀರಿಗೆ ಹಾಕಿದ್ರಾ?"

ಅವಳು ತಮ್ಮನ ಕಡೆ ನೋಡಿದಳು. ಅವನು ಯಾರದೋ ಟ್ಯೂಬಿಗೆ ಗಾಳಿ ಹೊಡೆಯುತ್ತ, ತಲೆ ಎತ್ತದೆ, "ರಿಮ್ಮಿನ ವಿಷ್ಯ ಎಲ್ಲಾ ಅಕ್ಕಂದೇ ಸರ್" ಎಂದ. ಇಪ್ಪತ್ತೆರಡು ವರ್ಷ ಅವನ ಅಂಗಡಿಯ ಅನ್ನ ತಿಂದ ನಾಲಿಗೆ ಮೇಲೇಳಲಿಲ್ಲ.

ಮೇಷ್ಟ್ರು ಒಡೆದ ರಿಮ್ಮನ್ನು ಗೋಣಿಯಲ್ಲಿ ಸುತ್ತಿಕೊಂಡು, ಶೆಡ್ಡಿನ ಮಾತೇ ಎತ್ತದೆ ಹೊರಟುಹೋದರು.

ಮಧ್ಯಾಹ್ನ ತಮ್ಮ ಇನ್ನೊಂದು ಹಳೆಯ ರಿಮ್ ತಂದು ಅವಳ ಮುಂದೆ ಹಿಡಿದ. "ಅಕ್ಕಾ, ಇದೊಂದು ನೋಡಿ ಹೇಳು. ಡ್ರಮ್ಮಿಗೆ ಹಾಕ್ಬಹುದಾ?"

ಕೇಳುವಷ್ಟು ಬುದ್ಧಿ ಈಗ ಬಂದಿತ್ತು ಅವನಿಗೆ.

ಅವಳು ಕೈ ಚಾಚಲಿಲ್ಲ.

"ಹಾಕು" ಎಂದಳು.